ಬೊಮ್ಮಕ್ಕನ ಕ್ಲೇಶಕ್ಕೆ ಸೊನ್ನೆ

ಹೊಸ ಕ್ಯಾನ್ಸರ್ ರೋಗಿಗಳ ಮನೋಕ್ಲೇಶ ತಪಾಸಣಾ ಯೋಜನೆಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಡತದಲ್ಲಿ ನನ್ನ ಅಕ್ಕನ ದುಃಖಕ್ಕೆ ಸೊನ್ನೆ ಎಂದು ಬರೆದಿದೆ. ಅದು ಶುದ್ಧ ಸುಳ್ಳು. ತಿದ್ದಿ ಎಂದು ಕೇಳಲು ಎರಡು ಸಲ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. 'ಒಬ್ಬ ರೋಗಿಗೆ ಒಂದೇ ತಪಾಸಣೆ, ಒಮ್ಮೆ ತುಂಬಿದ ನಮೂನೆಯನ್ನು ತಿದ್ದಲು ಅವಕಾಶವಿಲ್ಲ' ಎಂಬ ಉತ್ತರ ಸಿಕ್ಕಿತು. ಆದ್ದರಿಂದ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅರ್ಜಿ ಓದುವವರು ಇಲ್ಲದಿದ್ದರೂ ಕಾರವಾರದಲ್ಲಿ ಪೇಪರು ಓದುವವರು ಇನ್ನೂ ಇದ್ದಾರೆ.

ಮೊದಲು ಅಭಿನಂದನೆ ಸಲ್ಲಿಸಿಬಿಡುತ್ತೇನೆ. ಕಳೆದ ತಿಂಗಳು ನೀವು ಕೊಟ್ಟ ಹೇಳಿಕೆ ಓದಿದೆ. ಕಾರವಾರ, ಅಂಕೋಲೆಗಳಲ್ಲಿ ಹೊಸದಾಗಿ ಕ್ಯಾನ್ಸರ್ ಪತ್ತೆಯಾದವರಲ್ಲಿ ನೂರಕ್ಕೆ ತೊಂಬತ್ತಾರು ಮಂದಿಗೆ ಗಮನಾರ್ಹ ಮನೋಕ್ಲೇಶ ಇಲ್ಲವೇ ಇಲ್ಲವಂತೆ. ಅಬ್ಬಬ್ಬಾ! ಎಂಥ ಪುಣ್ಯಭೂಮಿಯಲ್ಲಿ ಹುಟ್ಟಿದ್ದೇವೆ ನಾವು! ನೆಗಡಿಯಾದರೆ ಮೂರು ದಿನ ಮುಖ ಊದಿಸಿಕೊಂಡು ಕೂರುವವರು, ಬಸ್ಸು ತಪ್ಪಿದರೆ ಕಂಡಕ್ಟರನ ಏಳು ತಲೆಮಾರಿಗೆ ಶಾಪ ಹಾಕುವವರು, ಕ್ಯಾನ್ಸರ್ ಎಂದೊಡನೆ ಋಷಿಮುನಿಗಳಾಗಿಬಿಟ್ಟೆವೇ? ಕಡಲತೀರಕ್ಕೆ ಪ್ರವಾಸಿಗರನ್ನು ಕರೆಯುವ ಫಲಕಗಳಲ್ಲಿ ಇದನ್ನೂ ಸೇರಿಸಿ, ಸ್ವಾಮಿ: 'ಬನ್ನಿ, ನಮ್ಮಲ್ಲಿ ರೋಗ ಬಂದರೂ ಚಿಂತೆ ಬರುವುದಿಲ್ಲ.'

ಈ ತೊಂಬತ್ತಾರು ಹೇಗೆ ತಯಾರಾಯಿತು ಎಂಬುದು ನನಗೆ ಚೆನ್ನಾಗಿ ಗೊತ್ತು. ಏಕೆಂದರೆ ಅದರಲ್ಲಿ ಒಂದನ್ನು ತಯಾರಿಸಿದವ ನಾನೇ.

ನನ್ನ ಅಕ್ಕ ಬೊಮ್ಮಿ, ಅವರ್ಸಾದವಳು. ವಯಸ್ಸು ಅರವತ್ತು ದಾಟಿದೆ. ಗದ್ದೆ ಕೆಲಸ, ಹಿತ್ತಲಲ್ಲಿ ಬಸಳೆ ಹರಿವೆ ಬೆಳೆದು ಅಂಕೋಲೆ ಪೇಟೆಗೆ ಒಯ್ಯುವುದು, ಇದು ಅವಳ ಬಾಳು. ಮಗ ಶಿವಾನಂದನಿಗೆ ಮಲ್ಲಾಪುರದಲ್ಲಿ ಪಾಳಿ ಕೆಲಸ, ರಜೆ ಸಿಗುವುದಿಲ್ಲ. ಹೀಗಾಗಿ ಎದೆಯಲ್ಲಿ ಗಂಟು ಕಂಡಾಗ ಆಸ್ಪತ್ರೆಯ ಓಡಾಟ ನಿವೃತ್ತ ಮಾಸ್ತರನಾದ ನನ್ನ ಪಾಲಿಗೆ ಬಂತು. ಮೊನ್ನೆ ಆಗಸ್ಟ್ ಕೊನೆಯಲ್ಲಿ ವರದಿ ಬಂತು. ಡಾಕ್ಟರು ನನ್ನನ್ನು ಮಾತ್ರ ಕಾರಿಡಾರಿಗೆ ಕರೆದು ರೋಗದ ಹೆಸರು ಹೇಳಿದರು. 'ಅವರಿಗೆ ನೀವೇ ಮೆಲ್ಲಗೆ ಹೇಳಿ' ಎಂದು ಮುಂದಿನ ವಾರ್ಡಿಗೆ ನಡೆದರು. ನಾನು ಮೆಲ್ಲಗೂ ಹೇಳಲಿಲ್ಲ, ಗಟ್ಟಿಯಾಗಿಯೂ ಹೇಳಲಿಲ್ಲ. ನಮ್ಮ ಕಡೆ ಆ ಹೆಸರನ್ನು ರೋಗಿಯ ಎದುರು ಎತ್ತುವುದಿಲ್ಲ. 'ಸಣ್ಣ ಗಡ್ಡೆ ಅಕ್ಕಾ, ತೆಗೆದ್ರಾಯ್ತು' ಎಂದೆ. ಅವಳು ನನ್ನ ಮುಖ ನೋಡಿ ಕೈಚೀಲ ಎತ್ತಿಕೊಂಡಳು.

ಆಮೇಲೆ ನಿಮ್ಮ ಯೋಜನೆಯ ಕಿಟಕಿ. ಅಲ್ಲಿದ್ದ ನಿಮ್ಮ ಸಿಬ್ಬಂದಿ ಒಂದು ನಮೂನೆ ಕೊಟ್ಟರು. ಅದರಲ್ಲಿ ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ. 'ಗತ ಸಪ್ತಾಹದಲ್ಲಿ ಅನುಭವಿಸಿದ ಮನೋಕ್ಲೇಶದ ಪ್ರಮಾಣವನ್ನು ಗುರುತಿಸಿ' ಎಂದು ಆದೇಶ. ಕೆಳಗೆ 'ಭವಿಷ್ಯದ ಕುರಿತಾದ ಆತಂಕಾನುಭವ ಇದೆ/ಇಲ್ಲ.' ಮೂವತ್ನಾಲ್ಕು ವರ್ಷ ಕನ್ನಡ ಕಲಿಸಿದ ನನಗೇ ಎರಡು ಸಲ ಓದಬೇಕಾಯಿತು. ಇದನ್ನು ಬರೆದ ಪಂಡಿತರು ತಮ್ಮ ತಾಯಿಗೆ ಜ್ವರ ಬಂದಾಗ 'ಅಮ್ಮಾ, ಶರೀರತಾಪದ ಅನುಭವ ಇದೆಯೋ' ಎಂದು ವಿಚಾರಿಸುತ್ತಾರೆಯೇ?

ಅಕ್ಕ ಹತ್ತು ಹೆಜ್ಜೆ ಆಚೆ ಬೆಂಚಿನ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳನ್ನು ಕರೆಯಲೇ ಎಂದೆ. "ಬ್ಯಾಡ ಮಾಸ್ತರೇ, ನೀವೇ ತುಂಬ್ಬಿಡಿ. ಅಜ್ಜಿಗೆಲ್ಲಿ ತಿಳೀತದೆ ಇದೆಲ್ಲಾ? ಮಧ್ಯಾಹ್ನದೊಳಗೆ ನಲವತ್ತು ಆಗ್ಬೇಕು" ಎಂದರು ನಿಮ್ಮವರು. ನನಗೂ ಅದೇ ಬೇಕಿತ್ತು. ಅವಳನ್ನು ಕರೆದರೆ ಕಾಗದದ ಮೇಲಿದ್ದ ಯೋಜನೆಯ ಹೆಸರನ್ನು ನಿಮ್ಮವರು ಅವಳಿಗೆ ಓದಿ ಹೇಳಿಬಿಟ್ಟಾರು ಎಂಬ ಭಯ. ಸೊನ್ನೆಗೆ ಸುತ್ತು ಹಾಕಿದೆ, ಎಲ್ಲದಕ್ಕೂ 'ಇಲ್ಲ' ಎಂದು ಗೀಚಿದೆ, 'ರೋಗಿ ಅಥವಾ ಸಂಬಂಧಿಕರ ಸಹಿ' ಎಂದಿದ್ದಲ್ಲಿ ನನ್ನ ಸಹಿ ಜಡಿದೆ. ಬೇರೆಯವರ ದುಃಖಕ್ಕೆ ಸಹಿ ಹಾಕುವ ಅವಕಾಶವನ್ನು ನಿಮ್ಮ ನಮೂನೆಯೇ ಕೊಟ್ಟಿತ್ತು, ನಾನು ಬಳಸಿಕೊಂಡೆ. ನನ್ನ ಹಿಂದೆ ನಿಂತಿದ್ದವರೆಲ್ಲ ಗಂಡಂದಿರು, ಅಣ್ಣಂದಿರು, ಮಕ್ಕಳು. ಎಲ್ಲರ ಕೈಯಲ್ಲೂ ಪೆನ್ನಿತ್ತು.

ನಾಲ್ಕಕ್ಕಿಂತ ಹೆಚ್ಚು ಅಂಕ ಬಂದರೆ ಆಪ್ತಸಮಾಲೋಚಕರ ಬಳಿ ಕಳಿಸಬೇಕು ಎಂಬುದು ನಿಮ್ಮ ನಿಯಮ. ಆ ಕೋಣೆ ಕಾರಿಡಾರಿನ ತುದಿಯಲ್ಲಿದೆ. ಅಲ್ಲಿ ಕೂರುವ ವಿಜೇತಾ ಎಂಬ ಹುಡುಗಿಯನ್ನು ಮೊನ್ನೆ ಮಾತಾಡಿಸಿದೆ. "ಎರಡು ತಿಂಗಳಲ್ಲಿ ಮೂರೇ ಜನ ಬಂದ್ರು ಸರ್. ಅದ್ರಲ್ಲಿ ಒಬ್ರು ಪಾಯಿಖಾನೆ ಎಲ್ಲಿ ಅಂತ ಕೇಳೂಕೆ ಬಂದವ್ರು" ಎಂದಳು. ಪಾಪ, ಕಲಿತು ಬಂದವಳು, ದಿನವಿಡೀ ಫ್ಯಾನು ನೋಡುತ್ತ ಕೂರುತ್ತಾಳೆ.

ಈಗ ಆ ಸೊನ್ನೆ ಮಾಡಿದ ಕೆಲಸ ಕೇಳಿ. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಸೆಪ್ಟೆಂಬರ್ ಮೂರನೇ ವಾರ ದಿನ ಕೊಟ್ಟಿದ್ದರು. ಗಾಡಿ ಗೊತ್ತುಮಾಡಿಕೊಂಡು ಹೋದರೆ ಅಕ್ಕ ಹೊಸಿಲು ದಾಟಲಿಲ್ಲ. "ನಾ ಬರೂದಿಲ್ಲ. ಗದ್ದೆ ಕೊಯ್ಲು ಬಂತು" ಎಂದಳು. ಕೊಯ್ಲಿಗೆ ಇನ್ನೂ ದಿನಗಳಿದ್ದವು. ನಾನು ರೇಗಿದೆ, ಮಗ ಕಾಲು ಹಿಡಿದ, ಅವಳು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಇತ್ತ ಸೊಸೆ ಕವಿತಾ ಮರೆಯಲ್ಲಿ ನನ್ನ ಹತ್ತಿರ ಅತ್ತಳು. "ಮಾವಾ, ಅತ್ತೆ ಬೇರೆ ಬಟ್ಲ ಇಟ್ಕಂಡಾರೆ. ನಾ ಮಾಡಿದ್ದು ಉಣ್ಣೂದಿಲ್ಲ. ನಮ್ ಪೋರಿನ ಹತ್ರ ಸೇರ್ಸೂದಿಲ್ಲ. ನಾ ಎಂತ ತಪ್ಪ ಮಾಡ್ದೆ ಹೇಳಿ." ಅತ್ತೆ ಸೊಸೆ ಜಗಳ ಎಂದುಕೊಂಡು ನಾನು ಬುದ್ಧಿ ಹೇಳಿ ಬಂದೆ. ಮಾಸ್ತರನಲ್ಲವೇ, ಬುದ್ಧಿ ಹೇಳುವ ಚಟ.

ಕಡೆಗೆ ಹೊಸ್ತಿನ ದಿನ ಬಂತು. ಹೊಸ ಅಕ್ಕಿಯ ಮೊದಲ ಊಟ ಅದು, ಎಲ್ಲರೂ ಅಕ್ಕನ ಮನೆಯಲ್ಲಿ ಸೇರಿದ್ದೆವು. ನಮ್ಮ ಮನೆತನದಲ್ಲಿ ಹಿರಿಯ ಹೆಂಗಸು ಮೊದಲ ತುತ್ತನ್ನು ಎಲ್ಲರ ಎಲೆಗೆ ಕೈಯಾರೆ ಇಡಬೇಕು. ಅವ್ವ ಹೋದ ಮೇಲೆ ಇಪ್ಪತ್ತೆರಡು ವರ್ಷ ಬೊಮ್ಮಕ್ಕನೇ ಇಟ್ಟವಳು. ಈ ಸಲ ಅನ್ನದ ಪಾತ್ರೆಯನ್ನು ಸೊಸೆಯ ಕೈಗೆ ಕೊಟ್ಟು ತಾನು ಕೊಟ್ಟಿಗೆಯ ಪಕ್ಕ ಒಬ್ಬಳೇ ಎಲೆ ಹಾಕಿ ಕೂತಳು. ನಾಲ್ಕು ವರ್ಷದ ಮೊಮ್ಮಗಳು ದೀಕ್ಷಾ "ಅಜ್ಜೀ" ಎಂದು ಓಡಿದರೆ, ಜೀವಮಾನದಲ್ಲಿ ಮಕ್ಕಳನ್ನು ಗದರದವಳು, "ಹತ್ರ ಬರಬ್ಯಾಡ!" ಎಂದು ಕಿರುಚಿದಳು. ಮಗು ಹೆದರಿ ಅತ್ತಿತು. ನಾನು ಊಟ ಬಿಟ್ಟು ಎದ್ದು ಅವಳ ಪಕ್ಕ ಹೋಗಿ ಕೂತೆ. ಎರಡು ತಿಂಗಳಲ್ಲಿ ಮೊದಲ ಸಲ ಕೇಳಿದೆ: "ಅಕ್ಕಾ, ಮನಸ್ಸಿಗೆ ಹೇಗದೆ?"

"ಅಡ್ಡಿಲ್ಲ" ಎಂದಳು. ನಮ್ಮ ಕಡೆ ಬೆಂಕಿ ಬಿದ್ದರೂ ಮೊದಲ ಉತ್ತರ ಅದೇ. ನಾನು ಏಳಲಿಲ್ಲ. ಇನ್ನೊಮ್ಮೆ ಕೇಳಿದೆ. ಆಗ ಕಟ್ಟೆ ಒಡೆಯಿತು.

"ನಂಗೆ ಗೊತ್ತಿಲ್ಲಾ ಅಂದ್ಕಂಡ್ಯಾ ತಮಾ? ಹಿತ್ಲಮನೆ ಮಾದಿ ಇದ್ರಾಗೇ ಹೋದ್ಲು. ಮರು ವರ್ಷ ಅವ್ಳ ಮಗ್ಳೂ ಹೋದ್ಲು. ಒಂದೇ ಬಟ್ಲಲ್ಲಿ ಉಣ್ತಿದ್ರು ಇಬ್ರೂ. ಪೋರಿಗೆ ಬಂದ್ರೆ ನಾ ಏನ ಮಾಡ್ಲಿ? ಕೊಯ್ದ್ರೆ ಗಾಳಿಗೆ ಹಬ್ತದೆ ಅಂತಾರೆ. ನಾ ಇಲ್ಲೇ ಬೇಗ ಹೋದ್ರೆ ಅದೊಂದಾದ್ರೂ ಉಳೀತದೆ."

ಮಾನ್ಯರೇ, ಅದು ಅಂಟುವ ರೋಗವಲ್ಲ. ಕೊಯ್ದರೆ ಗಾಳಿಗೆ ಹಬ್ಬುವುದೂ ಇಲ್ಲ. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ನಾನು ಹೇಳಿದೆ ಕೂಡ. ಅವಳು ನನ್ನನ್ನೇ ದಿಟ್ಟಿಸಿ, "ಡಾಕ್ಟ್ರು ನಂಗೆ ಹೇಳ್ಲಿ. ನೀ ಸಣ್ಣ ಗಡ್ಡೆ ಅಂದವ" ಎಂದಳು. ಆಸ್ಪತ್ರೆಯ ಚೀಟಿಗಳ ಜೊತೆ ಜೇಬಿನಲ್ಲೇ ಉಳಿದಿದ್ದ ನಮೂನೆಯ ನಕಲನ್ನು ತೆಗೆದು ಅವಳ ಮುಂದೆ ಹಾಸಿ ತಪ್ಪೊಪ್ಪಿಕೊಂಡೆ. ಪೇಟೆಯಲ್ಲಿ ವ್ಯಾಪಾರ ಮಾಡಿದವಳಿಗೆ ಅಂಕಿ ಓದಲು ಬರುತ್ತದೆ. "ಇದು ಯಾರ್ ಬರ್ದದ್ದು?" ಎಂದು ಸೊನ್ನೆಯ ಮೇಲೆ ಬೆರಳಿಟ್ಟಳು. ನಾನೇ ಎಂದೆ. ಅವಳ ಬೆರಳು ಗೆರೆಯುದ್ದಕ್ಕೂ ಹೋಗಿ, ಹತ್ತನ್ನು ದಾಟಿ, ಕಾಗದ ಮುಗಿದ ಮೇಲೆ ಸಗಣಿ ಸಾರಿಸಿದ ನೆಲದ ಮೇಲೆ ಗೇಣುದ್ದ ಆಚೆ ನಿಂತಿತು. ನಾನು ಅವಳ ಎದುರೇ ಅತ್ತೆ.

ಎರಡು ತಿಂಗಳು ಹೋದವು. ಗಂಟು ದೊಡ್ಡದಾಗಿದೆ ಎನ್ನುತ್ತಾಳೆ ಕವಿತಾ. ಇನ್ನೆಷ್ಟು ಕಾಲ ಇದೆಯೋ ನನಗೆ ತಿಳಿಯದು. ತಪ್ಪು ನನ್ನದೂ ಹೌದು, ಅದರಿಂದ ನಾನು ಜಾರಿಕೊಳ್ಳುವುದಿಲ್ಲ. ಆದರೆ ನಾನು ಒಂದು ಸೊನ್ನೆ ಬರೆದೆ, ನೀವು ಅಂಥ ಸೊನ್ನೆಗಳನ್ನೆಲ್ಲ ಕೂಡಿಸಿ ಪತ್ರಿಕೆಯಲ್ಲಿ ಹೆಮ್ಮೆ ಪಟ್ಟಿರಿ. ಕೇಳದೆ ಬರೆದುಕೊಂಡದ್ದಕ್ಕೆ ತಪಾಸಣೆ ಎಂದು ಯಾವ ಬಾಯಲ್ಲಿ ಹೇಳುತ್ತೀರಿ?

ಬರುವ ಸೋಮವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಅಕ್ಕ ಬರಲು ಒಪ್ಪಿದ್ದಾಳೆ. ಡಾಕ್ಟರು ತನ್ನ ಎದುರು ಕೂತು ಹೇಳಿದರೆ ಮಾತ್ರ ಆಪರೇಷನ್ನು ಎಂದಿದ್ದಾಳೆ. ನಾನು ಗೇಟಿನ ಹೊರಗೇ ನಿಲ್ಲುತ್ತೇನೆ, ಪೆನ್ನು ಮನೆಯಲ್ಲಿಟ್ಟು ಬರುತ್ತೇನೆ. ಆ ಹಳೆಯ ನಮೂನೆ ಹರಿಯಿರಿ. ಸಂಬಂಧಿಕರ ಸಹಿಯ ಜಾಗವನ್ನು ಅಳಿಸಿ. ಡಾಕ್ಟರನ್ನೂ ವಿಜೇತಾಳನ್ನೂ ಅವಳ ಬೆಂಚಿಗೆ ಕಳಿಸಿ, ರೋಗದ ಹೆಸರು ಹೇಳಿಸಿ, ಮೊಮ್ಮಗಳಿಗೆ ಅಂಟುವುದಿಲ್ಲ ಎಂದು ಹೇಳಿಸಿ. ಆಮೇಲೆ, ಮನಸ್ಸಿಗೆ ಹೇಗಿದೆ ಎಂದು ಕೇಳಿಸಿ. ಅವಳು 'ಅಡ್ಡಿಲ್ಲ' ಎನ್ನುತ್ತಾಳೆ.

ದಯವಿಟ್ಟು ಇನ್ನೊಮ್ಮೆ ಕೇಳಿ.

ಇಂತಿ,
ಮೂವತ್ನಾಲ್ಕು ವರ್ಷ ಊರ ಮಕ್ಕಳಿಗೆ ಅಂಕ ಕೊಟ್ಟು, ಕಡೆಗೆ ಒಡಹುಟ್ಟಿದವಳಿಗೆ ಸೊನ್ನೆ ಕೊಟ್ಟ
ಶಾಂತಾರಾಮ ಮಾಸ್ತರ
ಹಬ್ಬುವಾಡ, ಕಾರವಾರ
ಅಕ್ಟೋಬರ್ 2008