ಪರದೆಯ ಆ ಕಡೆ

ಸಕಾತಾ
ನವೆಂಬರ್ ೧೪

ಮೊರಿಹಿಕೊ ಅವರಿಗೆ,

ಪತ್ರವನ್ನು ಹವಾಮಾನದಿಂದ ಶುರುಮಾಡಬೇಕಲ್ಲ. ಇಲ್ಲಿ ಸಮುದ್ರದ ಗಾಳಿ ಎದ್ದಿದೆ. ಕಾಕಿ ಹಣ್ಣು ಸುಲಿದು ಬಾಲ್ಕನಿಯಲ್ಲಿ ಒಣಗಲು ತೂಗುಹಾಕಿದ್ದೇನೆ. ನಿಮ್ಮ ಕುಶಿರೊದಲ್ಲಿ ಆಗಲೇ ಹಿಮ ಬಿದ್ದಿರಬಹುದು.

ಇನ್ನೆರಡು ವರ್ಷ ಅಲ್ಲೇ ಇರಲೇ ಎಂದು ಕೇಳಿದ್ದೀರಿ. ತಿಂಗಳ ಕೊನೆಯೊಳಗೆ ಕಂಪನಿಗೆ ಹೇಳಬೇಕಂತೆ. ನಿನಗೆ ಹೇಗೆ ಅನುಕೂಲವೋ ಹಾಗೆ ಎಂದೂ ಬರೆದಿದ್ದೀರಿ. ಆ ಸಾಲು ಓದಿ, ಎದ್ದು ಅಕ್ಕಿ ತೊಳೆಯಲು ಹೋದೆ. ಉತ್ತರಕ್ಕೆ ಮೊದಲು ಬೇರೊಂದನ್ನು ಹೇಳಬೇಕು. ಫೋನಿನಲ್ಲಿ ಅದು ಆಗುವುದಿಲ್ಲ.

ಮಂಗಳವಾರ ನಗರಸಭೆಯ ಆರೋಗ್ಯ ತಪಾಸಣೆಗೆಂದು ನಿಲ್ದಾಣದ ಹಿಂದಿನ ಹೆಂಗಸರ ಆಸ್ಪತ್ರೆಗೆ ಹೋದೆ. ಕಾಯುವ ಕೋಣೆಯ ತುಂಬ ಬಸುರಿಯರು. ಐವತ್ತಾರರ ನಾನು ಅವರಲ್ಲಿ ಯಾರದೋ ಜೊತೆಗೆ ಬಂದವಳಂತೆ ಕುಳಿತಿದ್ದೆ.

ಅಲ್ಲಿನ ಕುರ್ಚಿಯನ್ನು ನೀವು ನೋಡಿಲ್ಲ. ಕೂತರೆ ಅದು ತಾನಾಗಿ ಮೇಲೇರಿ, ಹಿಂದಕ್ಕೆ ಬಾಗಿ, ಕಾಲುಗಳನ್ನು ಅಗಲಿಸುತ್ತದೆ. ಸೊಂಟದ ಮೇಲೆ ತಿಳಿಗುಲಾಬಿ ಪರದೆ ಎಳೆಯುತ್ತಾರೆ. ಡಾಕ್ಟರು ಆ ಕಡೆ, ನನ್ನ ಮುಖ ಈ ಕಡೆ. ನಾಚಿಕೆಯಾಗದಿರಲೆಂದು ಈ ಏರ್ಪಾಡು. ನಾಚಿಕೆ ಆಗುವುದಿಲ್ಲ, ನಿಜ. ಆ ಕಡೆಯ ಅರ್ಧ ಬೇರೆ ಯಾರದೋ ಎನಿಸುತ್ತದೆ. ಚಾವಣಿಗೆ ಮೋಡದ ಚಿತ್ರ ಅಂಟಿಸಿದ್ದರು.

"ಬೇರೆ ಏನಾದ್ರೂ ತೊಂದ್ರೆ ಇದ್ಯಾ?" ಎಂದಿತು ಆ ಕಡೆಯ ದನಿ.

ಪ್ರತಿ ಸಲದಂತೆ ಏನಿಲ್ಲ ಎನ್ನಬೇಕಿತ್ತು. ನಿಮ್ಮ ಸಾಲು ನೆನಪಾಯಿತೋ ಏನೋ, ಸುಮ್ಮನಿದ್ದೆ. ಬಹಳ ಹೊತ್ತಾದ ಮೇಲೆ, ಮೋಡ ನೋಡುತ್ತ ಹೇಳಿದೆ: "ಗಂಡನ ಜೊತೆ ಮಲಗೋಕೆ ಆಗ್ತಿಲ್ಲ. ಒಳಗೆ ಮರಳುಕಾಗದದಲ್ಲಿ ಉಜ್ಜಿದ ಹಾಗಾಗುತ್ತೆ. ಮುಟ್ಟು ನಿಂತ ಮೇಲಿಂದ ಹೀಗೇ. ಅವರು ಹತ್ತಿರ ಬಂದ್ರೆ ಮೈ ಕಲ್ಲಾಗುತ್ತೆ. ಅವರ ತಪ್ಪೇನೂ ಇಲ್ಲ."

ಪರದೆ ಅಲ್ಲಾಡಲಿಲ್ಲ.

"ರೀ," ಎಂದು ಪಕ್ಕದ ಕುರ್ಚಿಯಿಂದ, ತೆಳು ಗೋಡೆಯಾಚೆ, ಒಂದು ಮುದಿ ದನಿ ಕರೆಯಿತು. "ನೀವು ಬಟ್ಟೆಗೆ ಹೇಳ್ತಿದ್ದೀರಿ ಕಣ್ರೀ. ಡಾಕ್ಟ್ರು ಆಗ್ಲೇ ನನ್ನ ಕಡೆ ಬಂದ್ರು."

ಪರದೆಗಳ ಹಿಂದೆ ಡಾಕ್ಟರು ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗುತ್ತಿರುತ್ತಾರೆ. ನಮಗೆ ಕಾಣುವುದಿಲ್ಲ. ನನ್ನ ಮೌನವನ್ನೇ ಏನಿಲ್ಲ ಎಂದುಕೊಂಡು ಆಕೆ ಹೊರಟುಹೋಗಿದ್ದರು. "ಕ್ಷಮಿಸಿ" ಎಂದೆ, ಪರದೆಗೆ. ಮಲಗಿದಲ್ಲೇ ತಲೆ ಬಾಗಿಸಿದೆ ಕೂಡ.

"ಕ್ಷಮೆ ಯಾಕೆ? ನಮ್ಮನೆಯವ್ರು ತೀರ್ಕೊಂಡು ಎಷ್ಟೋ ಕಾಲ ಆಯ್ತು, ನಂಗಾ ಕಾಟ ಇಲ್ಲ. ನಿಮ್ಮವ್ರು ಇದ್ದಾರಲ್ಲ! ಡಾಕ್ಟ್ರೇ, ನನ್ನ ಗರ್ಭಕೋಶ ಜಾರಿದ್ರೂ ಎಲ್ಲೂ ಓಡಿಹೋಗಲ್ಲ. ಮೊದ್ಲು ಆ ಯಮ್ಮನ್ನ ನೋಡಿ ಹೋಗಿ."

ನರ್ಸೊಬ್ಬಳು ನಕ್ಕಳು. ನನಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ.

ಚಪ್ಪಲಿಯ ಸದ್ದು ಹತ್ತಿರವಾಯಿತು. ಪರದೆ ತೆಗೆಯುತ್ತೀರಾ ಎಂದು ಕೇಳಿದೆ.

"ತೆಗೀಲಾ? ನಿಜವಾಗ್ಲೂ?"

ತೆಗೆದರು. ನನ್ನ ಮಂಡಿಗಳ ನಡುವೆ ಒಬ್ಬ ಹೆಂಗಸಿನ ಮುಖ, ಜಾರಿದ ಕನ್ನಡಕ. ಇಸೊಬೆ ಎಂದು ಹೆಸರು. ನನಗಿಂತ ಅವರೇ ಹೆಚ್ಚು ನಾಚಿದ್ದರು. ಎಲ್ಲವನ್ನೂ ಮತ್ತೆ ಹೇಳಿದೆ. ಎರಡನೆಯ ಸಲ ಅದು ಚಿಕ್ಕ ವಿಷಯವಾಗಿತ್ತು.

"ಒಳಗಿನ ಚರ್ಮ ಒಣಗಿ ತೆಳುವಾಗಿದೆ. ಈ ವಯಸ್ಸಲ್ಲಿ ಬಹಳ ಜನಕ್ಕೆ ಹೀಗಾಗುತ್ತೆ, ಬಾಯಿ ಬಿಡೋರು ಕಮ್ಮಿ. ಔಷಧಿ ಇದೆ," ಎಂದರು. ಆಮೇಲೆ, "ಮನೆಯವ್ರಿಗೆ ಗೊತ್ತಾ?"

ಇಲ್ಲ ಎಂದೆ.

"ಹಾಗಾದ್ರೆ ಅವರು ಏನಂದ್ಕೊಂಡಿದ್ದಾರೆ?"

ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸಿದೆ. ನಿಮ್ಮ ಗೊರಕೆಗೆ ನಿದ್ದೆ ಬರುವುದಿಲ್ಲವೆಂದು ಹೇಳಿ ನಾನು ಹಾಸಿಗೆಯನ್ನು ಹೊಲಿಗೆ ಯಂತ್ರದ ಕೋಣೆಗೆ ಸಾಗಿಸಿದೆ. ಗೊರಕೆ ನಿಲ್ಲಲೆಂದು ನೀವು ಮೂಗಿಗೆ ಅಂಟಿಸುವ ಪಟ್ಟಿ ತಂದಿರಿ. ಬೆಳಗ್ಗೆ ಎದ್ದೊಡನೆ "ಇವತ್ತು ಕೇಳಿಸ್ತಾ?" ಎನ್ನುತ್ತಿದ್ದಿರಿ. ಹಾಸಿಗೆ ಹಿಂದಕ್ಕೆ ಬರಲಿಲ್ಲ. ಆಮೇಲೆ ನೀವು ಕುಶಿರೊದ ಕೆಲಸಕ್ಕೆ ಒಪ್ಪಿಕೊಂಡಿರಿ. ಎರಡಕ್ಕೂ ಸಂಬಂಧವೇ ಇಲ್ಲ ಎಂಬಂತೆ ಇಬ್ಬರೂ ನಡೆದುಕೊಂಡೆವು. ಅಲ್ಲಿನ ವಸತಿಯಲ್ಲೂ, ಯಾರ ನಿದ್ದೆಯೂ ಕೆಡದಿರಲೆಂದು, ಮೂಲೆಯ ಕೋಣೆ ಕೇಳಿ ಪಡೆದಿದ್ದೀರಿ.

ಔಷಧಿ ಎಂದರೆ ಸಣ್ಣ ಬಿಳಿ ಗುಳಿಗೆ. ಮಲಗುವ ಮೊದಲು ಒಳಗಿಟ್ಟುಕೊಳ್ಳಬೇಕು. ನಿಧಾನವಾಗಿ ಗುಣವಾಗುತ್ತದಂತೆ. ಪೂರ್ತಿ ಆಗುತ್ತದೆಯೋ ಗೊತ್ತಿಲ್ಲ. ಸಂತೋಷವಾಗಿದೆ ಎನ್ನಲಾರೆ. ಪರದೆಯ ಆ ಕಡೆ ಇರುವವಳೂ ನಾನೇ ಎನಿಸುತ್ತಿದೆ, ಅಷ್ಟೆ.

ಹಣ್ಣು ಒಣಗಲು ಇನ್ನೂ ದಿನ ಬೇಕು. ಈ ಸಲ ಅಂಚೆಯಲ್ಲಿ ಕಳಿಸುವುದಿಲ್ಲ.

ಚಿಗುಸಾ

ತಾ.ಕ.: ಕಂಪನಿಯವರಿಗೆ ಆಗುವುದಿಲ್ಲ ಎಂದು ಹೇಳಿಬಿಡಿ. ಬರುವಾಗ ಮೂಗಿನ ಪಟ್ಟಿ ತರಬೇಡಿ. ನೀವು ಯಾವತ್ತೂ ಗೊರಕೆ ಹೊಡೆದವರಲ್ಲ.