ಲತಾಮಣಿಯನ್ನು ಕಳಿಸುವುದಿಲ್ಲ

ಅರಸೀಕೆರೆ
ಜೂನ್ 2003

ಅಪ್ಪಾ,

ನಿಮ್ಮ ಆಶಾರಾಣಿಯ ವಂದನೆ. ಇಂಥ ವಿಷಯವನ್ನು ಹೆಣ್ಣುಮಕ್ಕಳು ಅಪ್ಪನಿಗೆ ಬರೆಯುವುದಿಲ್ಲ. ಆದರೆ ನಮ್ಮ ಬಸ್ತಿಹಳ್ಳಿ ಮನೆಯಲ್ಲಿ ತೀರ್ಮಾನ ಮಾಡುವವರು ನೀವು. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ತಂಗಿ ಲತಾಮಣಿ ನನ್ನ ಹತ್ತಿರ ಇದ್ದಾಳೆ. ಭಾನುವಾರ ಅವಳ ಗಂಡ ಭೀಮರಾಜ್ ಬಂದು ಅರೇಹಳ್ಳಿಗೆ ಕರೆದೊಯ್ಯಲಿ ಎಂದು ಫೋನಿನಲ್ಲಿ ಹೇಳಿದಿರಿ. "ಗಂಡನ ಮನೆ ಬಿಟ್ಟು ಬರೋವಂಥದ್ದು ಏನಾಗೈತೆ ಅವ್ಳಿಗೆ?" ಎಂದೂ ಕೇಳಿದಿರಿ. ಹೇಳುತ್ತೇನೆ. ಗಂಡ ಕೂಡಿದಾಗಲೆಲ್ಲ ಅವಳಿಗೆ ಪ್ರಾಣ ಹೋಗುವಂಥ ನೋವು. ಬೇಡ ಎಂದರೆ ಹಟಮಾರಿ ಅನ್ನುತ್ತಾರೆ. ಅವಳ ಅತ್ತೆಯಂತೂ "ಯಾವನನ್ನೋ ಮನಸ್ನಾಗೆ ಇಟ್ಕೊಂಡವ್ಳೆ" ಎಂದು ನೆರೆಯವರೆದುರೇ ಜರೆದರಂತೆ.

ಮದುವೆಯಾದ ಮೊದಲ ವರ್ಷ ನನಗೂ ಹೀಗೇ ನೋವಿತ್ತು ಅಪ್ಪ. ಅವ್ವನ ಮುಂದೆ ಅತ್ತಾಗ, "ಹಲ್ಲು ಕಚ್ಕೊಂಡಿರು ಕಣೇ, ಹೆಂಗಸ್ರ ಬಾಳೇ ಹಿಂಗೆ" ಎಂದಳು. ಹಾಗೇ ಇದ್ದೆ. ನೋವು ಹೆಚ್ಚಾಯಿತು. ಸಂಜೆಯಾದರೆ ಮೈಯೆಲ್ಲ ನಡುಕ. ಕೊನೆಗೆ ನಿಮ್ಮ ಅಳಿಯ ಸಿದ್ಧಾರ್ಥರೇ, "ನಿನ್ನ ಅಳ್ಸಿ ನಂಗೇನ್ ಸುಖ? ಡಾಕ್ಟರ್ ಹತ್ರ ಹೋಗಣ" ಎಂದರು.

ಹಾಸನದ ಡಾಕ್ಟರಮ್ಮ ನನ್ನ ಮಾತನ್ನು ಪೂರ್ತಿ ಕೇಳಿ, ಒಪ್ಪಿಗೆ ಪಡೆದು ಪರೀಕ್ಷೆ ಮಾಡಿದರು. "ನೋವಿನ ಭಯಕ್ಕೆ ಅಲ್ಲಿನ ಸ್ನಾಯು ತಾನಾಗಿಯೇ ಬಿಗಿದುಕೊಳ್ಳುತ್ತೆ. ನಿಮ್ಮ ತಪ್ಪೇನೂ ಇಲ್ಲಮ್ಮ, ವಾಸಿಯಾಗುತ್ತೆ" ಎಂದರು. ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಉಸಿರು ಬಿಡುತ್ತ ಸ್ನಾಯುವನ್ನು ಸಡಿಲಿಸುವ ವ್ಯಾಯಾಮ ಕಲಿಸಿದರು. ವಾಸಿಯಾಗುವವರೆಗೆ ಕೂಡುವುದು ಬೇಡ, ಬಲವಂತವಂತೂ ಯಾವತ್ತೂ ಕೂಡದು ಎಂದು ಇವರಿಗೂ ಹೇಳಿದರು. ಇವರು ಕಾದರು. ತಿಂಗಳುಗಳೇ ಹಿಡಿದವು, ಆದರೆ ನೋವು ಹೋಯಿತು.

ಲತಾಳನ್ನೂ ಅವರ ಹತ್ತಿರವೇ ಕರೆದೊಯ್ದೆ. ಅವಳದು ಬೇರೆ ಕಾರಣ. ಗರ್ಭಕೋಶದಲ್ಲಿ ಸೋಂಕು. ಮಾತ್ರೆ ಶುರುವಾಗಿದೆ. ಭೀಮರಾಜ್ ಕೂಡ ಔಷಧಿ ತೆಗೆದುಕೊಳ್ಳಬೇಕಂತೆ, ಇಲ್ಲದಿದ್ದರೆ ಅವಳಿಗೆ ಮತ್ತೆ ಅಂಟುತ್ತದಂತೆ. ಸಹಿಸಿಕೋ ಎಂದು ವಾಪಸ್ ಕಳಿಸಿದ್ದರೆ ಏನಾಗುತ್ತಿತ್ತೋ, ನೀವೇ ಯೋಚಿಸಿ.

ಆದ್ದರಿಂದ ಭಾನುವಾರ ಅವಳನ್ನು ಕಳಿಸುವುದಿಲ್ಲ. ಭೀಮರಾಜ್ ಬರಲಿ, ಊಟ ಹಾಕುತ್ತೇನೆ. ಸೋಮವಾರ ಡಾಕ್ಟರಮ್ಮನ ಎದುರು ಕೂರಿಸುತ್ತೇನೆ. ಆಮೇಲೆ ಅರೇಹಳ್ಳಿಗೆ ಹೋಗುವುದೋ ಬಿಡುವುದೋ ಲತಾಳೇ ಹೇಳುತ್ತಾಳೆ. ಮರ್ಯಾದೆಯ ಮಾತು ಬಂದರೆ, "ದೊಡ್ಡ ಮಗಳು ನನ್ನ ಮಾತು ಕೇಳಲಿಲ್ಲ" ಎಂದುಬಿಡಿ. ನನಗೇನೂ ಬೇಸರವಿಲ್ಲ.

ಇದನ್ನು ಅವ್ವನಿಗೆ ನೀವೇ ಓದಿ ಹೇಳಿ. ನಾಚಿಕೆ ಎಂದು ಒಂದು ಸಾಲನ್ನೂ ಬಿಡಬೇಡಿ. ಓದಿ ಮುಗಿದ ಮೇಲೆ ಎದ್ದು ಹೋಗಬೇಡಿ ಅಪ್ಪ. ಅವಳಿಗೂ ನಿಮಗೆ ಹೇಳುವುದಿರಬಹುದು, ಕೂತು ಕೇಳಿ.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಜೈ ಭೀಮ್.

ನಿಮ್ಮ ಹಿರಿಮಗಳು,
ಆಶಾರಾಣಿ