ಬೆಂಚಿನ ಹಿಂದಿನ ಸಾಲು

ಹಾರ್ಲನ್ ಕ್ರೀಕ್, ನೆಬ್ರಾಸ್ಕ
ಆಗಸ್ಟ್ 26, ಬುಧವಾರ

ಗ್ಯಾರೆಟ್,

ಈ ಕಾಗದವನ್ನು ನಾನಾಗಿ ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿನ್ನ ಅಕ್ಕ ಟ್ವೈಲಾ ಬರೆಸುತ್ತಿದ್ದಾಳೆ. ಬೆಳಿಗ್ಗೆ ಬಂದವಳೇ ನನ್ನ ಟ್ರಕ್ಕಿನ ಕೀಲಿ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಬರೆದು ಮುಗಿಸೋವರೆಗೂ ಕೊಡಲ್ಲ ಅಪ್ಪ. ಎಲ್ಲಿಗಾದ್ರೂ ಹೋಗ್ಬೇಕಿದ್ರೆ ನಡ್ಕೊಂಡು ಹೋಗು" ಅಂದಳು. ನನ್ನ ಮನೆ, ನನ್ನ ಮೇಜು, ನನ್ನ ಟ್ರಕ್ಕು. ಜುಲುಮೆ ಅವಳದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಗಳ ಚಾವಣಿ ಹತ್ತಿದವನು ನಾನು. ಜೀವನವೆಲ್ಲ ಸುತ್ತಿಗೆ ಹಿಡಿದ ಬೆರಳು ಪೆನ್ನಿನ ಸುತ್ತ ಮಡಚುವುದಿಲ್ಲ. ಫೋನಿನಲ್ಲಾದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ನೀನು ಎತ್ತುವುದಿಲ್ಲ. ಅವಳು ಮಾಡಿದರೆ ಎತ್ತುತ್ತೀಯ, ನಾನು ಮಾಡಿದರೆ ಇಲ್ಲ. ಇರಲಿ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಮಾರ್ಲೋ ಫೋರ್ಕ್‌ಗೆ ಆ ಶನಿವಾರ ನಿನ್ನ ಆಟ ನೋಡಲು ನಾನು ಬಂದಿದ್ದ ವಿಷಯ. ನೀನು ಇಷ್ಟು ವರ್ಷ ದೇಶವೆಲ್ಲ ಸುತ್ತಿ, ಈ ಬೇಸಿಗೆಯಲ್ಲಿ ಮೊದಲ ಸಲ ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಬೇಸ್‌ಬಾಲ್ ಆಡುತ್ತಿದ್ದೆ. ಪ್ರತಿ ಶನಿವಾರವೂ ನೀನು ಟಿಕೆಟ್ ಕಿಟಕಿಯಲ್ಲಿ ನನ್ನ ಹೆಸರಿಗೆ ಒಂದು ಟಿಕೆಟ್ ಇಡುತ್ತಿದ್ದೆ ಅಂತ ಟ್ವೈಲಾ ಹೇಳುತ್ತಲೇ ಇದ್ದಳು. ಜೂನ್ ಹೋಯಿತು, ಜುಲೈ ಹೋಯಿತು, ನಾನು ಬರಲಿಲ್ಲ. ಕೊನೆಗೆ ಬಂದೆ. ಬಂದವನು ಆ ಕಿಟಕಿಯಲ್ಲಿ ನನ್ನ ಹೆಸರು ಹೇಳಲಿಲ್ಲ. ನೀನು ಇಟ್ಟ ಟಿಕೆಟ್ ಆಟಗಾರರ ಮನೆಯವರೆಲ್ಲ ಒಟ್ಟಿಗೆ ಕೂರುವ ಜಾಗದ್ದು. ಅಲ್ಲಿ ಕೂತರೆ ನಾನು ಯಾರ ಅಪ್ಪ ಅಂತ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೆ ಬೇರೆ ಟಿಕೆಟ್ ಕೊಂಡು ಎಡಗಡೆ ಅಂಚಿನಲ್ಲಿ, ಬಲೆಗೆ ಒತ್ತಿಕೊಂಡಿರುವ ಮೊದಲ ಸಾಲಿನಲ್ಲಿ ಕೂತೆ. ಎದುರಿಗೆ ಒಂದು ಖಾಲಿ ಬೆಂಚಿತ್ತು. ನೀರು ಕೊಡುವವರದ್ದೋ ಚೆಂಡು ಎತ್ತುವವರದ್ದೋ ಇರಬೇಕು ಅಂದುಕೊಂಡೆ. ದೊಡ್ಡ ಮೈದಾನಗಳಲ್ಲಿ, ಆಟದ ನಡುವೆ ಕರೆದಾಗ ಚೆಂಡೆಸೆಯಲು ಹೋಗುವ ನಿಮ್ಮಂಥ ಪಿಚರ್‌ಗಳನ್ನು ದೂರದ ಬೇಲಿಯಾಚೆ ಕೂರಿಸುತ್ತಾರೆ, ಟಿವಿಯಲ್ಲಿ ನೋಡಿದ್ದು ಅದೇ. ಇಲ್ಲಿ ನೀವು ಐದು ಜನ ಚೀಲ ಹೊತ್ತುಕೊಂಡು ಸಾಲಾಗಿ ಬಂದು ಅದೇ ಬೆಂಚಿನಲ್ಲಿ, ನನಗೆ ಬೆನ್ನು ಮಾಡಿ ಕೂತಿರಿ. ಕೈ ಚಾಚಿದರೆ ನಿನ್ನ ಹೆಗಲು ಸಿಗುತ್ತಿತ್ತು. ನೀನು ತಿರುಗಿ ನೋಡಲಿಲ್ಲ. ನಾನು ಏಳಲೂ ಇಲ್ಲ.

ನನ್ನ ಪಕ್ಕದಲ್ಲಿ ಸೂರ್ಯಕಾಂತಿ ಬೀಜ ಜಗಿಯುತ್ತ ಒಬ್ಬ ದಪ್ಪ ಮನುಷ್ಯ ಕೂತಿದ್ದ. ಬೇಸಿಗೆಯುದ್ದಕ್ಕೂ ಅದೇ ಜಾಗ ಅವನದಂತೆ. ಬಾಯಿ ಸುಮ್ಮನಿರುವ ಜಾತಿಯವನಲ್ಲ.

"ಆ ತುದೀಲಿ ಕುತ್ತಿಗೆಗೆ ಟವಲ್ ಹಾಕ್ಕೊಂಡಿದ್ದಾನಲ್ಲ, ಅವನನ್ನ ನೋಡಿ ಯಜಮಾನ್ರೇ. ಮೂವತ್ತಾರಂತೆ! ಪಕ್ಕದ ಹುಡುಗ್ರಿಗೆಲ್ಲ ಅಪ್ಪನ ಥರ ಕಾಣ್ತಾನೆ" ಅಂದ. ಆಮೇಲೆ ನನ್ನ ಟೋಪಿಯ ಮೇಲಿದ್ದ ಊರಿನ ಹೆಸರು ನೋಡಿ, "ನೀವೂ ಹಾರ್ಲನ್ ಕ್ರೀಕಾ? ಇವನೂ ಅಲ್ಲಿಯವನೇ ಅಂತೆ. ಗೊತ್ತಾ ನಿಮಗೆ?" ಅಂತ ಕೇಳಿದ.

ನಾನು "ಇಲ್ಲ" ಅಂದೆ.

ಯಾಕೆ ಹಾಗಂದೆ ಅಂತ ಟ್ವೈಲಾ ಎರಡು ವಾರದಿಂದ ನನ್ನ ತಲೆ ತಿನ್ನುತ್ತಿದ್ದಾಳೆ. ಹೇಳುತ್ತೇನೆ. ನೆಪ ಅಂತ ಅನ್ನಿಸಿದರೆ ಅನ್ನಿಸಲಿ.

ನೀನು ಹದಿನೆಂಟಕ್ಕೆ ಆಡಲು ಮನೆ ಬಿಟ್ಟು ಹೋದಾಗ ಊರಿಗೆ ಊರೇ ಸಂಭ್ರಮಪಟ್ಟಿತು. ನೀನು ಯಾವ ತಂಡಕ್ಕೆ ಹೋದರೂ ನಿನ್ನಮ್ಮ ಆ ತಂಡದ ಟೋಪಿ ತರಿಸುತ್ತಿದ್ದಳು, ನಾನು ಹಾಕಿಕೊಂಡು ಡೈನರ್‌ಗೆ ಕಾಫಿಗೆ ಹೋಗುತ್ತಿದ್ದೆ. ಮೊದಮೊದಲು ಹೆಮ್ಮೆ. ಆಮೇಲೆ ಒಂದು ತಂಡ ನಿನ್ನನ್ನು ಬಿಟ್ಟಿತು, ಇನ್ನೊಂದು ಎತ್ತಿಕೊಂಡಿತು. ಟೆನೆಸಿ ಅಂದರು, ಅಯೋವ ಅಂದರು, ಚಳಿಗಾಲಕ್ಕೆ ಮೆಕ್ಸಿಕೊ ಅಂದರು. ಒಂದು ಸಲ ಟೋಪಿ ಅಂಚೆಯಲ್ಲಿ ಬರುವಷ್ಟರಲ್ಲಿ ನೀನೇ ಆ ತಂಡದಲ್ಲಿರಲಿಲ್ಲ. ಡೈನರ್‌ನಲ್ಲಿ ಲಿಂಡ್‌ಕ್ವಿಸ್ಟ್ ಪ್ರತಿ ಸೋಮವಾರ, "ಎಲ್ಡನ್, ಈ ವಾರ ಯಾವ ಟೋಪೀನಪ್ಪಾ?" ಅಂತ ಶುರು ಮಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಆಮೇಲೆ, ಟಿವಿಯಲ್ಲಿ ಆಟ ಬರುವ ಒಂದು ದೊಡ್ಡ ತಂಡ ನಿನ್ನನ್ನು ಮೊದಲ ಸಲ ಕರೆದ ರಾತ್ರಿ. ಡೈನರ್‌ನವನಿಗೆ ಹೇಳಿ ಟಿವಿ ಹಾಕಿಸಿದ್ದೆ, ಎಲ್ಲರನ್ನೂ ಕೂರಿಸಿದ್ದೆ. ನೀನು ಎದ್ದೆ, ಬೇಲಿಯಾಚೆ ಚೆಂಡೆಸೆದು ಕೈ ಬಿಸಿ ಮಾಡಿಕೊಂಡೆ. ಕ್ಯಾಮೆರಾ ನಿನ್ನ ಮುಖ ತೋರಿಸಿತು, ನಿನ್ನಮ್ಮ ಅತ್ತಳು. ಆಮೇಲೆ ನೀನು ಮತ್ತೆ ಕೂತೆ. ಮತ್ತೆ ಎದ್ದೆ, ಎಸೆದೆ, ಕೂತೆ. ಆಟ ಮುಗಿಯಿತು, ನಿನ್ನನ್ನು ಕರೆಯಲೇ ಇಲ್ಲ. ಲಿಂಡ್‌ಕ್ವಿಸ್ಟ್ ಎದ್ದು ಕೋಟು ಹಾಕಿಕೊಳ್ಳುತ್ತ, "ನಿನ್ನ ಮಗ ಎದ್ದು ಕೂತು ಮಾಡೋದ್ರಲ್ಲಿ ಎತ್ತಿದ ಕೈ ಕಣಯ್ಯ" ಅಂದ. ಚಾವಣಿ ಕೆಲಸದಲ್ಲಿ ಏಣಿ ಹತ್ತಿದವನು ಮೊಳೆ ಹೊಡೆದೇ ಇಳಿಯುತ್ತಾನೆ. ಇದೆಂಥ ಕೆಲಸ, ಸಿದ್ಧವಾಗಿ ನಿಂತಿರುವುದೇ ಕೆಲಸವೇ, ಅಂತ ನನಗೆ ಕೊನೆಗೂ ಅರ್ಥವಾಗಲಿಲ್ಲ. ಅಲ್ಲಿಂದಾಚೆ ನಿನ್ನ ಯಾವ ತಂಡದ ಟೋಪಿಯನ್ನೂ ನಾನು ಹಾಕಲಿಲ್ಲ. ಆಮೇಲೆ ಅದೇ ದೊಡ್ಡ ತಂಡದಲ್ಲಿ ನೀನು ನಿಜವಾಗಿ ಆಡಿದ ದಿನಗಳೂ ಬಂದವು. ಅವತ್ತು ನಾನು ಟಿವಿ ಹಾಕಲಿಲ್ಲ. ಇದು ನಿನಗೆ ಗೊತ್ತಿರಲಿಕ್ಕಿಲ್ಲ. ನಿನ್ನಮ್ಮ ಸಾಯುವವರೆಗೂ ಮುಚ್ಚಿಟ್ಟಳು.

ಟ್ವೈಲಾ ಈಗ ಹಿಂದೆ ನಿಂತು ಓದುತ್ತಿದ್ದಾಳೆ. "ಅಪ್ಪ, ಇದೆಲ್ಲ ಸರಿ. ಅವತ್ತು ನಡೆದದ್ದು ಪೂರ್ತಿ ಬರಿ" ಅನ್ನುತ್ತಿದ್ದಾಳೆ. ಅಡುಗೆಮನೆಗೆ ಹೋಗು ಅಂತ ಗದರಿಸಿದೆ. ಹೋದಳು, ಆದರೆ ಬಾಗಿಲು ಹಾಕಲಿಲ್ಲ.

ಪೂರ್ತಿ ಅಂದರೆ, "ಇಲ್ಲ" ಅಂದು ನಾನು ಸುಮ್ಮನಾಗಲಿಲ್ಲ. ಟ್ವೈಲಾಗೆ ಮೊದಲು ಅಷ್ಟೇ ಅಂತ ಹೇಳಿದ್ದೆ. ಅದು ಸುಳ್ಳು. ಆ ದಪ್ಪ ಮನುಷ್ಯ, "ಈ ವಯಸ್ಸಲ್ಲಿ ಬಸ್ಸಲ್ಲಿ ಮಲ್ಕೊಂಡು ಊರೂರು ತಿರುಗ್ತಾನಲ್ಲ, ಇವನಿಗೆ ಮನೆಮಠ ಇಲ್ವಾ?" ಅಂದ. ಅದಕ್ಕೆ ನಾನು, "ಇವನ ಅಪ್ಪ ಯಾರೋ ಏನೋ, ಚಿಕ್ಕಂದಿನಲ್ಲೇ ಕೈಗೊಂದು ಸುತ್ತಿಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಮನುಷ್ಯನಾಗಿರ್ತಿದ್ದ" ಅಂದೆ. ಜೋರಾಗಿಯೇ ಅಂದೆ. ಹಿಂದಿನ ಸಾಲಿನವರೂ ನಕ್ಕರು. ಆ ಮನುಷ್ಯ ನನ್ನ ತೊಡೆಗೆ ಹೊಡೆದು, "ತಾತ, ನೀವು ಭಾರೀ ಇದ್ದೀರ" ಅಂತ ಬೀಜದ ಪೊಟ್ಟಣ ಮುಂದೆ ಹಿಡಿದ. ನಾನು ಒಂದು ಹಿಡಿ ತೆಗೆದುಕೊಂಡೆ. ಅವರು ನಕ್ಕದ್ದು ನನಗೆ ಹಿತವಾಗಿತ್ತು ಗ್ಯಾರೆಟ್. ಅದನ್ನೂ ಬರೆಯಬೇಕಲ್ಲ, ಬರೆದಿದ್ದೇನೆ.

ಆಗ ನಿನ್ನ ಕುತ್ತಿಗೆ ಕೆಂಪಾಯಿತು. ಟವಲಿನ ಮೇಲಿಂದ ಕಿವಿಯವರೆಗೆ. ಬಿಸಿಲಿಗೆ ಅಂದುಕೊಂಡೆ. ಏಳು ಗಂಟೆಯಾಗಿತ್ತು, ಆ ಕಡೆಗೆ ಬಿಸಿಲೇ ಇರಲಿಲ್ಲ. ಆಮೇಲೆ ಟ್ವೈಲಾ ಮನೆಗೆ ಬಂದು "ಅವನಿಗೆ ಕೇಳಿಸಿದೆ ಅಪ್ಪ" ಅಂದಾಗ ಕುರ್ಚಿಯಿಂದ ಎದ್ದು ಬೆಚ್ಚಿಬಿದ್ದವನ ಹಾಗೆ ಮಾಡಿದೆ. ನನಗೆ ಮೈದಾನದಲ್ಲೇ ಗೊತ್ತಾಗಿತ್ತು. ದನಿಯ ಗುರುತು ಸಿಗದಿದ್ದರೂ ಮಾತಿನ ಗುರುತು ಸಿಗುತ್ತದೆ, ಸುತ್ತಿಗೆಯ ಆ ಮಾತನ್ನು ನೀನು ನಮ್ಮ ಊಟದ ಮೇಜಿನಲ್ಲಿ ಕಡಿಮೆ ಸಲ ಕೇಳಿದ್ದೀಯಾ? ಗೊತ್ತಾದ ಮೇಲೂ ನಾನು ಬಲೆ ತಟ್ಟಿ ಕರೆಯಲಿಲ್ಲ. ಬೀಜ ತಿನ್ನುತ್ತ ಕೂತೆ.

ಆಮೇಲೆ ನಿಮ್ಮ ಮ್ಯಾನೇಜರ್ ಪಾಚೆಕೊ ಮೈದಾನದ ನಡುವಿನಿಂದ, ಬಲಗೈಯಲ್ಲಿ ಎಸೆಯುವವನು ಬರಲಿ ಅಂತ, ತನ್ನ ಬಲಗೈ ತಟ್ಟಿ ತೋರಿಸಿದ. ನೀನು ಟವಲು ಮಡಚಿ ಬೆಂಚಿನ ಮೇಲಿಟ್ಟು ಓಡಿದೆ. ಓಟದ ದಾರಿಯ ಮೂರು ಮೂಲೆಯಲ್ಲೂ ಎದುರಾಳಿಗಳು ಓಡಲು ಕಾದು ನಿಂತಿದ್ದರು, ಒಬ್ಬನನ್ನೂ ಔಟ್ ಮಾಡಲು ಆಗಿರಲಿಲ್ಲ. ಆ ಗಲೀಜು ನಿನ್ನದಲ್ಲ, ನಿನಗಿಂತ ಮುಂಚೆ ಎಸೆದವನದು. ತಲೆ ತಗ್ಗಿಸಿಕೊಂಡು ಅವನು ಹೊರಗೆ ಹೋದ, ನೀನು ಹೋಗಿ ಅವನ ಗಲೀಜಿನ ಮಧ್ಯೆ ನಿಂತೆ. ಮೊದಲನೆಯವನು ಮೂರು ಸಲ ಬ್ಯಾಟು ಬೀಸಿ ಗಾಳಿ ಹೊಡೆದು ಹೋದ. ಎರಡನೆಯವನು ಹೊಡೆದದ್ದು ನೆಲಕ್ಕೆ ಉರುಳಿ ನಿನ್ನ ಕೈಗೇ ಬಂತು. ನೀನು ಎಸೆದೆ, ಹಿಡಿದವನು ಇನ್ನೊಬ್ಬನಿಗೆ ಎಸೆದ, ಒಂದೇ ಏಟಿಗೆ ಇಬ್ಬರು ಔಟ್. ಮೂವರು ಔಟಾಗಿ ಅವರ ಸರದಿ ಮುಗಿಯಿತು, ಒಬ್ಬನೂ ರನ್ ಗಳಿಸಲಿಲ್ಲ. ಇಡೀ ಮೈದಾನ ಎದ್ದು ನಿಂತಿತು.

ಆ ದಪ್ಪ ಮನುಷ್ಯ ನನ್ನ ಭುಜ ಹಿಡಿದು ಅಲ್ಲಾಡಿಸಿದ. "ನೋಡಿದ್ರಾ! ನೋಡಿದ್ರಾ ನಮ್ಮ ಮುದುಕನ್ನ! ಇವನ ಅಪ್ಪ ಇಲ್ಲಿರಬೇಕಿತ್ತು ಕಣ್ರೀ ಇವತ್ತು" ಅಂದ.

ನಾನು ಬಾಯಿ ತೆರೆದೆ. ನನ್ನ ಮಗ ಅನ್ನೋಣ ಅಂತಲೇ ತೆರೆದದ್ದು. ಹಾಗಂದಿದ್ದರೆ ಅವನು, ಹಾಗಾದ್ರೆ ಆಗ ಇಲ್ಲ ಅಂದಿದ್ದು ಯಾಕೆ ಅಂತ ಕೇಳುತ್ತಿದ್ದ. ಸುತ್ತಿಗೆ ಮಾತಿಗೆ ನಕ್ಕವರೆಲ್ಲ ನನ್ನ ಮುಖ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡೆ. ಚಪ್ಪಾಳೆ ಹೊಡೆದೆ, ಯಾರೋ ಪರರ ಮಗನಿಗೆ ಹೊಡೆದ ಹಾಗೆ. ನೀನು ಮತ್ತೆ ಆ ಬೆಂಚಿಗೆ ಬರಲಿಲ್ಲ, ಎಸೆದು ಮುಗಿಸಿದವರು ತಂಡದ ಉಳಿದವರು ಕೂರುವ ಕಡೆಗೇ ಹೋಗುತ್ತಾರಂತೆ. ನಿನ್ನ ಟವಲು ಮಾತ್ರ ಅಲ್ಲಿತ್ತು. ಆಟ ಮುಗಿಯುವ ಮುಂಚೆ ನಾನು ಎದ್ದು ಬಂದೆ. ಟ್ರಕ್ಕಿನಲ್ಲಿ ಕೂತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ.

ಇನ್ನು ನನ್ನ ಹೆಸರಿಗೆ ಟಿಕೆಟ್ ಇಡುವುದು ಬೇಡ ಅಂತ ನೀನು ಕಿಟಕಿಯವರಿಗೆ ಹೇಳಿದೆಯಂತೆ. ಸರಿ ಮಾಡಿದೆ. ನಾನಾಗಿದ್ದರೆ ಅದಕ್ಕಿಂತ ಹೆಚ್ಚು ಮಾಡುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ಪಾಚೆಕೊ ಇಲ್ಲಿಗೆ ಫೋನ್ ಮಾಡಿದ್ದ. ಸೆಪ್ಟೆಂಬರ್ ಆರರ ಭಾನುವಾರ ನಿನ್ನ ಕೊನೆಯ ಆಟ, ಅದಾದ ಮೇಲೆ ನೀನು ಬಿಡುತ್ತೀಯ ಅಂತ ಅವನ ಬಾಯಿಂದ ನನಗೆ ಗೊತ್ತಾದದ್ದು. ಟ್ವೈಲಾಗೆ ಗೊತ್ತಿತ್ತು. "ಯಜಮಾನ್ರೇ, ಆಟ ಬಿಡೋರ ಅಪ್ಪ ಅವತ್ತು ಆಟ ಶುರುವಾಗೋ ಮುಂಚೆ ಶಾಸ್ತ್ರಕ್ಕೆ ಮೊದಲ ಚೆಂಡು ಎಸೆಯೋದು, ಮಗ ಹಿಡಿಯೋದು, ಇದು ನಮ್ಮಲ್ಲಿ ರೂಢಿ. ಬರ್ತೀರಲ್ಲ? ಗ್ಯಾರೆಟ್‌ಗೆ ಹೇಳ್ಬೇಡಿ, ಅವನಿಗೆ ಗುಟ್ಟಾಗಿರ್ಲಿ" ಅಂದ. ಪಾಪ, ಅವನಿಗೇನು ಗೊತ್ತು. ಬಹಳ ಮರ್ಯಾದೆಯಿಂದ ಮಾತಾಡಿದ. ನಿಮ್ಮ ಮಗನಂಥವನು ಬೆಂಚಿನಲ್ಲಿದ್ದರೆ ನನಗೆ ನಿದ್ದೆ ಬರುತ್ತದೆ ಅಂದ. ನಾನು ಯೋಚಿಸಿ ಹೇಳುತ್ತೇನೆ ಅಂದು ಇಟ್ಟೆ.

ಗುಟ್ಟು ಗಿಟ್ಟು ನನಗೆ ಬೇಡ. ಅಷ್ಟು ಜನರೆದುರು ನಾನು ಚೆಂಡು ಹಿಡಿದು ನಿಂತುಬಿಟ್ಟರೆ ನೀನು ಬೇಡ ಅನ್ನಲಾರೆ. ಬಂದು ಹಿಡಿಯುತ್ತೀಯ, ತಬ್ಬಿಕೊಳ್ಳುತ್ತೀಯ, ಫೋಟೋ ತೆಗೆಯುತ್ತಾರೆ. ಹಾಗೆ ನಿನ್ನನ್ನು ಸಿಕ್ಕಿಸಿಹಾಕುವುದಿಲ್ಲ. ಅದಕ್ಕೇ ಅವನ ಮಾತು ಮೀರಿ ನಿನಗೆ ಮೊದಲೇ ಹೇಳುತ್ತಿದ್ದೇನೆ. ಬೇಡ ಅಂದರೆ, ಬೆನ್ನು ಹಿಡಿದುಕೊಂಡಿದೆ, ಬರಲಾಗುವುದಿಲ್ಲ ಅಂತ ನಾನೇ ಅವನಿಗೆ ಹೇಳುತ್ತೇನೆ. ಯಾರಿಗೂ ಏನೂ ತಿಳಿಯುವುದಿಲ್ಲ. ಬಾ ಅಂದರೆ ಬರುತ್ತೇನೆ. ಧ್ವನಿವರ್ಧಕದಲ್ಲಿ ಗ್ಯಾರೆಟ್ ಕ್ರೆಚ್‌ಮರ್‌ನ ತಂದೆ ಅಂತ ಕೂಗುತ್ತಾರೆ. ಬೀಜ ಕೊಟ್ಟ ಆ ಮನುಷ್ಯ ಅವನ ಜಾಗದಲ್ಲೇ ಕೂತಿರುತ್ತಾನೆ, ನಕ್ಕವರೂ ಇರುತ್ತಾರೆ. ನೋಡಲಿ.

ಟ್ವೈಲಾ ಅಡುಗೆಮನೆಯಿಂದ, "ಕ್ಷಮಿಸು ಅಂತ ಬರೆದ್ಯಾ?" ಅಂತ ಕೂಗುತ್ತಿದ್ದಾಳೆ. ಬರೀತೀನಿ ಸುಮ್ನಿರೇ ಅಂದೆ. ಕ್ಷಮಿಸು. ಎರಡು ಸಲ ಹೊಡೆದು ಹಾಕಿ ಮೂರನೇ ಸಲ ಬರೆದಿದ್ದೇನೆ, ಕಾಣುತ್ತದೆಯಲ್ಲ. ಕ್ಷಮಿಸಲೇಬೇಕು ಅಂತೇನಿಲ್ಲ. ಅದಕ್ಕೂ ಭಾನುವಾರಕ್ಕೂ ಸಂಬಂಧ ಕಟ್ಟಬೇಡ. ಕ್ಷಮಿಸದೆಯೂ ಬಾ ಅನ್ನಬಹುದು.

ನಿನ್ನ ಅಪ್ಪ,
ಎಲ್ಡನ್ ಕ್ರೆಚ್‌ಮರ್

ಮರೆತ ಮಾತು: ಪಾಚೆಕೊ ಫೋನ್ ಮಾಡಿದಾಗಿನಿಂದ ದಿನಾ ಗ್ಯಾರೇಜಿನ ಹಿಂದೆ ನಿಂತು ಎಸೆದು ನೋಡುತ್ತಿದ್ದೇನೆ. ಟ್ವೈಲಾಗೂ ಗೊತ್ತಿಲ್ಲ. ನೀನು ಎಸೆಯುವಷ್ಟು ದೂರ ಹೆಜ್ಜೆ ಅಳೆದು ಗುರುತು ಹಾಕಿದ್ದೇನೆ. ಚೆಂಡು ಅರ್ಧಕ್ಕೇ ಬಿದ್ದು ಉರುಳಿ ನಿಲ್ಲುತ್ತದೆ. ಭುಜ ಮೇಲೇಳುವುದಿಲ್ಲ. ಭಾನುವಾರದೊಳಗೆ ಸರಿಹೋಗುವಂಥದ್ದಲ್ಲ ಇದು. ಆ ಜನ ನಗುತ್ತಾರೆ, ನಗಲಿ, ಆದರೆ ನೀನು ನಾಲ್ಕು ಹೆಜ್ಜೆ ಮುಂದೆ ಬಂದು ಎತ್ತಿಕೊಳ್ಳಬೇಕಾಗುತ್ತದೆ. ಅದಕ್ಕೂ ಒಪ್ಪಿಗೆಯಿದ್ದರೆ ಮಾತ್ರ ಬಾ ಅನ್ನು. ಹೌದೋ ಅಲ್ಲವೋ, ಸೆಪ್ಟೆಂಬರ್ ಎರಡು, ಬುಧವಾರದೊಳಗೆ ನನಗೆ ಉತ್ತರ ಬೇಕು.